ಇಳಿಸಿಟ್ಟ ಎಂಜಿನ್ನುಗಳು

ಉಸ್ತಾದರ ಶೆಡ್ಡಿನ ಹಿಂದೆ ಹದಿಮೂರು ಎಂಜಿನ್ನುಗಳಿದ್ದವು ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಕಳೆದ ತಿಂಗಳು ಅವರ ಮಗಳು ಒಂಬತ್ತು ಎಂದಳು. ಎಂಟನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಒಯ್ದನಂತೆ, ಒಂದನ್ನು ಆಕೆ ಕೊಟ್ಟಿಲ್ಲ. ಆಕೆಯ ಮಾತೇ ಸರಿ ಇರಬೇಕು. ನಾನು ಅವುಗಳನ್ನು ಎಣಿಸಿರಲೇ ಇಲ್ಲ. ನೋಡಿದ್ದೆ, ಅಷ್ಟೆ. ನೋಡಿದ್ದನ್ನೆಲ್ಲ ಎಣಿಸಿದ್ದೇನೆ ಎಂದುಕೊಳ್ಳುವುದು ನನ್ನ ಹಳೆಯ ಚಾಳಿ. ಓದುವವರು ಅಷ್ಟು ಎಚ್ಚರ ಇಟ್ಟುಕೊಂಡೇ ಇದನ್ನು ಓದಬೇಕು.

ಅವರು ತೀರಿಕೊಂಡ ಸುದ್ದಿ ನನಗೆ ಎರಡು ವಾರ ತಡವಾಗಿ ತಿಳಿಯಿತು. ನಾನು ಬೇರೆ ಊರಿನಲ್ಲಿರಲಿಲ್ಲ. ಅದೇ ರಾಯಚೂರಿನಲ್ಲಿ, ಅವರ ಮನೆಯಿಂದ ಸೈಕಲ್ಲಿನಲ್ಲಿ ಹತ್ತು ನಿಮಿಷದ ದೂರದಲ್ಲಿದ್ದೆ.

ಗಂಜ್ ಮಾರುಕಟ್ಟೆಯಿಂದ ಸ್ಟೇಷನ್ನಿನ ಕಡೆಗೆ ಹೋಗುವ ದಾರಿಯಲ್ಲಿ, ಹತ್ತಿ ಜಿನ್ನಿಂಗ್ ಕಾರ್ಖಾನೆಯೊಂದರ ಗೋಡೆಗೆ ಆತು ನಿಂತಿದ್ದ ತಗಡಿನ ಶೆಡ್ಡು ಅವರದು. ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ಹತ್ತಿಯ ನಾರು ಹಾರಿ ಬಂದು ಗ್ರೀಸಿಗೆ ಅಂಟಿಕೊಂಡು, ಬಿಚ್ಚಿಟ್ಟ ಸಾಮಾನೆಲ್ಲ ಬೂಸಲು ಹಿಡಿದಂತೆ ಕಾಣುತ್ತಿತ್ತು. ಉಸ್ತಾದರು ಒಂದೊಂದನ್ನೇ ಎತ್ತಿ, ಊದಿ, ಒರೆಸಿ ಕೂಡಿಸುತ್ತಿದ್ದರು. ಅವರಿಗೂ ಒಂದು ಹೆಸರಿತ್ತು. ಆ ಹೆಸರಿನಿಂದ ಕರೆದವರನ್ನು ನಾನು ಕಾಣಲಿಲ್ಲ. ಚಹಾದಂಗಡಿಯವನಿಂದ ಹಿಡಿದು ಗಿರಣಿ ಸಾಹುಕಾರರವರೆಗೆ ಎಲ್ಲರಿಗೂ ಅವರು ಉಸ್ತಾದ್.

ನಿಜಾಮರ ಕಾಲದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಕಾರು ತೊಳೆಯುತ್ತ ಕೆಲಸ ಕಲಿತವರು. ಆ ಆಳ್ವಿಕೆ ಹೋದ ಮೇಲೆ ಅಂಥ ಕಾರುಗಳೆಲ್ಲ ಡಾಕ್ಟರರು, ವಕೀಲರು, ಅಕ್ಕಿ ಗಿರಣಿಯವರ ಪಾಲಾದವು. ಕಾರುಗಳ ಜೊತೆಗೆ ಉಸ್ತಾದರೂ ಕೈ ಬದಲಾದರು ಎನ್ನಬಹುದು. ನಾನು ಕಂಡಾಗ ಅವರಿಗೆ ಐವತ್ತರ ಹತ್ತಿರ. ಎತ್ತರದ ಆಳು, ಸೊಂಟದಲ್ಲಿ ಬಗ್ಗಿದ್ದರು. ಕಾರಿನ ಬಾನೆಟ್ ಎತ್ತುವ ಮೊದಲು ತಲೆಯ ಟೋಪಿ ತೆಗೆದು ಮೊಳೆಗೆ ಹಾಕುತ್ತಿದ್ದರು. ಅದು ಗೌರವಕ್ಕೆ ಎಂದು ನಾನು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಒಮ್ಮೆ ಕೇಳಿದಾಗ, ಎಣ್ಣೆ ಹತ್ತಿದರೆ ಮನೆಯಲ್ಲಿ ಬೈಯುತ್ತಾರೆ ಎಂದರು.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ರಾಯಚೂರಿನ ಕಾಲೇಜೊಂದಕ್ಕೆ ಪಾಠ ಹೇಳಲು ಬಂದಿದ್ದೆ. ಕಾರು ಕೊಳ್ಳುವ ಶಕ್ತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹುಚ್ಚು ಮಾತ್ರ ಇತ್ತು. ಸಂಜೆ ಬಾಡಿಗೆ ಕೋಣೆಯಲ್ಲಿ ಕೂರಲಾಗದೆ ಸೈಕಲ್ ಹತ್ತಿದರೆ ಅದು ನೇರವಾಗಿ ಆ ಶೆಡ್ಡಿಗೇ ಹೋಗಿ ನಿಲ್ಲುತ್ತಿತ್ತು. ಕವುಚಿ ಹಾಕಿದ ಚಕ್ರದ ಡಿಸ್ಕಿನ ಮೇಲೆ ಕೂತು ನಾನು ವಾದ ಮಾಡುತ್ತಿದ್ದೆ, ಅವರು ಕೆಲಸ ಮಾಡುತ್ತಿದ್ದರು. ಹಳೆಯ ಕಾರುಗಳ ಸ್ಟಿಯರಿಂಗು ಭಾರ, ಬ್ರೇಕು ದುರ್ಬಲ, ಪೆಟ್ರೋಲು ಕುಡಿಯುವುದಕ್ಕೆ ಲೆಕ್ಕವಿಲ್ಲ ಎಂದು ನಾನು ಪಟ್ಟಿ ಮಾಡಿದರೆ ಅವರು ಎಲ್ಲಕ್ಕೂ ಹೌದು ಎನ್ನುತ್ತಿದ್ದರು. ಅದರಿಂದ ನನಗೆ ಸಿಟ್ಟು ಬರುತ್ತಿತ್ತು.

“ನಾ ಯಾವಾಗ ಇಲ್ಲ ಅಂದೀನ್ರಿ ಸರ? ಹಳೇದು ಚಲೋ ಅಂತ ಹೇಳಂಗಿಲ್ಲ ನಾ. ಹಳೇದು ಬಿಚ್ಚಾಕ ಬರ್ತದ ಅಂತೀನಿ, ಅಷ್ಟs.”

ಹಳೆಯ ಕೆಲವು ಕಾರುಗಳಲ್ಲಿ ತಿರುಗುವ ಮುನ್ನ ಬಾಗಿಲ ಕಂಬದಿಂದ ಒಂದು ಪುಟ್ಟ ಕೆಂಪು ತೋಳು ಹೊರಗೆ ಚಾಚಿಕೊಳ್ಳುತ್ತಿತ್ತು. ಮುಂದೆ ಅದರ ಜಾಗಕ್ಕೆ ಮಿಣುಕು ದೀಪ ಬಂತು. ಮೊದಲು ಕಾರು ಕೈ ತೋರಿಸುತ್ತಿತ್ತು, ಈಗ ಕಣ್ಣು ಹೊಡೆಯುತ್ತದೆ, ಕಾಲ ಕೆಟ್ಟಿತು ಎಂದು ಅವರು ಮುಖ ಸಪ್ಪಗೆ ಮಾಡಿ ಹೇಳುತ್ತಿದ್ದರು. ಹ್ಯಾಂಡಲ್ ಹೊಡೆದು ಕಾರು ಚಾಲೂ ಮಾಡುವುದನ್ನು ನನಗೆ ಕಲಿಸಿದವರೂ ಅವರೇ. ನಾನು ಹ್ಯಾಂಡಲನ್ನು ಮುಷ್ಟಿ ಬಿಗಿದು ಹಿಡಿದಿದ್ದೆ. ಅವರು ಬಂದು ನನ್ನ ಹೆಬ್ಬೆರಳನ್ನು ಬಿಡಿಸಿ ಉಳಿದ ನಾಲ್ಕು ಬೆರಳುಗಳ ಪಕ್ಕಕ್ಕೆ ಇಟ್ಟರು.

“ಹೆಬ್ಬಟ್ಟು ಈ ಕಡಿ ಇರಬೇಕ್ರಿ. ಎಂಜಿನ್ ತಿರುಗಿ ಹೊಡದ್ರ ಕೈ ಜಾರಬೇಕು, ಮುರೀಬಾರ್ದು.” ಹಾಗೆ ಹೇಳುವಾಗ ತಮ್ಮ ಬಲ ಹೆಬ್ಬೆರಳನ್ನು ತೋರಿಸಿದರು. ಅದು ಬುಡದಲ್ಲೇ ಹೊರಕ್ಕೆ ತಿರುಗಿ, ಯಾರನ್ನೋ ಅತ್ತ ಹೋಗಿ ಎನ್ನುವಂತಿತ್ತು.

ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ದರ ಏರುತ್ತ ಹೋಯಿತು. ಹಳೆಯ ಕಾರಿನವರಿಗೆ ಎರಡೇ ದಾರಿ, ಮಾರುವುದು ಅಥವಾ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದು. ಸಣ್ಣ ಲಾರಿಗಳ, ಹರಾಜಾದ ವ್ಯಾನುಗಳ ಎಂಜಿನ್ನುಗಳು ಹೈದರಾಬಾದಿನಿಂದ ಬರುತ್ತಿದ್ದವು. ಈ ಕೆಲಸ ನಮ್ಮ ಕಡೆ ಸರಿಯಾಗಿ ಬರುತ್ತಿದ್ದದ್ದು ಉಸ್ತಾದರೊಬ್ಬರಿಗೇ. ಡೀಸೆಲ್ ಎಂದು ಯಾರಾದರೂ ಬಾಯಿ ತೆರೆದರೆ ಅವರಿಂದ ಮೊದಲು ಹೊರಡುತ್ತಿದ್ದ ಮಾತು ‘ನಕ್ಕೋ’, ಬೇಡ ಅಂತ. ಅರ್ಧ ಗಂಟೆ ಮಾಲೀಕನನ್ನು ಒಪ್ಪಿಸಲು ನೋಡುತ್ತಿದ್ದರು. ಆಮೇಲೆ ಟೋಪಿ ತೆಗೆದು ಮೊಳೆಗೆ ಹಾಕುತ್ತಿದ್ದರು. ಹೊಟ್ಟೆಪಾಡು ಅದರಿಂದಲೇ ನಡೆಯಬೇಕಿತ್ತು. ಎಂಜಿನ್ ಇಳಿಸುವಾಗ ಮಾತ್ರ ಮಾಲೀಕ ಎದುರಿಗಿರಬಾರದು, ಚಹಾ ಕುಡಿದು ಬರಲಿ ಎಂದು ಕಳಿಸಿಬಿಡುತ್ತಿದ್ದರು.

ಇಳಿಸಿದ ಎಂಜಿನ್ನನ್ನು ಮಾಲೀಕರು ಯಾರೂ ಒಯ್ಯುತ್ತಿರಲಿಲ್ಲ. ಉಸ್ತಾದರು ಅದರ ಸಿಲಿಂಡರುಗಳೊಳಗೆ ಎಣ್ಣೆ ಬಿಟ್ಟು, ತೂತುಗಳಿಗೆ ಕಟ್ಟಿಗೆಯ ಬಿರಡೆ ಬಡಿದು, ಗೋಣಿ ಸುತ್ತಿ ಶೆಡ್ಡಿನ ಹಿಂದಿನ ಚಪ್ಪರದಲ್ಲಿ ಇಡುತ್ತಿದ್ದರು. ಪ್ರತಿ ಶುಕ್ರವಾರ ಶೆಡ್ಡಿಗೆ ರಜೆ. ನಮಾಜು ಮುಗಿಸಿ ತೊಳೆದ ಬಟ್ಟೆಯಲ್ಲೇ ಬಂದು, ಒಂದು ಹ್ಯಾಂಡಲು ಹಿಡಿದು, ಒಂದೊಂದು ಎಂಜಿನ್ನನ್ನೂ ಎರಡೆರಡು ಸುತ್ತು ತಿರುಗಿಸಿ ಹೋಗುತ್ತಿದ್ದರು. ಬಹಳ ದಿನ ತಿರುಗದಿದ್ದರೆ ಒಳಗಿನ ಪಿಸ್ಟನ್ನು ಜಂಗು ಹಿಡಿದು ಜಾಮ್ ಆಗುತ್ತದೆ. ಯಾರಿಗಾಗಿ ಇದು ಎಂದು ಕೇಳಿದ್ದೆ. ಮುಂದೆ ಪೆಟ್ರೋಲು ಅಗ್ಗವಾದರೆ ಅವರು ವಾಪಸು ಕೇಳಿಕೊಂಡು ಬಂದಾರು ಎಂದರು. ಪೆಟ್ರೋಲು ಅಗ್ಗವಾಗುವುದಿಲ್ಲ ಎಂದು ನಾನು ವಿವರಿಸಿದೆ. ತಲೆದೂಗಿ ಕೇಳಿದರು. ಮುಂದಿನ ಶುಕ್ರವಾರವೂ ಬಂದು ತಿರುಗಿಸಿದರು.

ಆ ಕರಿಯ ಕಾರು ಬಂದದ್ದು ಮಾನ್ವಿಯಿಂದ. ಇಂಗ್ಲೆಂಡಿನಲ್ಲಿ ತಯಾರಾದ, ದುಂಡು ಬೆನ್ನಿನ ಕಾರು. ಉಸ್ತಾದರು ಹುಡುಗನಾಗಿದ್ದಾಗ ತೊಳೆದ ಕಾರು ಇದೇ ಎಂದು ಕೆಲವರು ಹೇಳುತ್ತಿದ್ದರು, ನನಗೆ ನಂಬಿಕೆಯಿಲ್ಲ. ಮಾನ್ವಿಯ ಗಿರಣಿ ಸಾಹುಕಾರರೊಬ್ಬರು ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿ ಬಾಡಿಗೆಗೆ ಬಿಡಬೇಕೆಂದಿದ್ದರು. ಓಡಿಸಲು ಉಸ್ತಾದರ ಅಳಿಯನನ್ನೇ ಗೊತ್ತು ಮಾಡಿದ್ದರು. ಮದುವೆಯಾಗಿ ಎರಡು ವರ್ಷವಾಗಿತ್ತು, ಅಲ್ಲಿಯವರೆಗೆ ಅವನಿಗೆ ನೆಟ್ಟಗೆ ಒಂದು ಕೆಲಸ ಸಿಕ್ಕಿರಲಿಲ್ಲ. ನಗುಮುಖದ ಹುಡುಗ. ಕಾರಿಗೆ ಮುತ್ಯಾ, ಅಂದರೆ ಅಜ್ಜ, ಎಂದು ಹೆಸರಿಟ್ಟಿದ್ದ. ದಿನಾ ಬಂದು, “ಮಾಮಾ, ಮುತ್ಯಾನ ಹೊಟ್ಟಿ ಆಪರೇಶನ್ ಎಲ್ಲೀತನಾ ಬಂತು?” ಎಂದು ಕೇಳುವನು. ಉಸ್ತಾದರು ಕೈಯಲ್ಲಿದ್ದ ಸ್ಪ್ಯಾನರು ತೋರಿಸಿ ಓಡಿಸುವರು.

ಹೊಸ ಎಂಜಿನ್ ಕೂತಿತು, ಚಾಲೂ ಆಯಿತು. ಲಿಂಗಸುಗೂರು ರಸ್ತೆಯಲ್ಲಿ ಓಡಿಸಿ ನೋಡಿ ಬಂದ ಉಸ್ತಾದರು ಕಾರಿನಿಂದ ಇಳಿಯದೆ ಬಹಳ ಹೊತ್ತು ಬ್ರೇಕಿನ ಪೆಡಲನ್ನು ಒತ್ತುತ್ತ, ಬಿಡುತ್ತ ಕೂತಿದ್ದರು. ಲಾರಿಯ ಎಂಜಿನ್ನು ಹಳೆಯದಕ್ಕಿಂತ ಬಹಳ ಭಾರ. ಬ್ರೇಕು ಮಾತ್ರ ಹಗುರ ಕಾರಿಗೆಂದು ಮಾಡಿದ್ದು. ದೊಡ್ಡ ಬ್ರೇಕ್ ಡ್ರಮ್ಮುಗಳನ್ನು ಹೈದರಾಬಾದಿನಿಂದ ತರಿಸಿ ಕೂಡಿಸಬೇಕಾದರೆ ತಿಂಗಳೊಪ್ಪತ್ತು ಹಿಡಿಯುತ್ತಿತ್ತು. ಸಾಹುಕಾರರು ಅವಸರ ಮಾಡುತ್ತಿದ್ದರು, ಅಳಿಯ ಇನ್ನೂ ಅವಸರದಲ್ಲಿದ್ದ.

“ನನ್ನ ಕಾಲು ಒಪ್ಪವಲ್ದ್ರಿ ಸರ. ನಿಮ್ಮ ಲೆಕ್ಕ ಏನಂತದ, ನೋಡ್ರಿ.”

ಇದು ಅವರು ಆಡಿದ ಮಾತೇ. ಇದರ ಬಗ್ಗೆ ನನಗೆ ಅನುಮಾನವಿಲ್ಲ. ಅಲ್ಲಿಯವರೆಗೆ ಅವರು ನನ್ನನ್ನು ಏನನ್ನೂ ಕೇಳಿರಲಿಲ್ಲ. ವರ್ಷಗಟ್ಟಲೆ ಅವರ ಶೆಡ್ಡಿನಲ್ಲಿ ಕೂತು ಮಾತಾಡಿದ್ದ ನನಗೆ ಮೊದಲ ಸಲ ಒಂದು ಕೆಲಸ ಸಿಕ್ಕಿತ್ತು. ಕೋಣೆಗೆ ಹೋಗಿ, ಅವರು ಕೊಟ್ಟಿದ್ದ ಕಾರಿನ ಹಳೆಯ ಪುಸ್ತಕ ನೋಡಿ, ಎರಡೂ ಎಂಜಿನ್ನುಗಳ ತೂಕ, ಇಳಿಜಾರಿನ ಕೋನ, ವೇಗ, ಡ್ರಮ್ಮಿನ ಅಗಲ ಎಲ್ಲ ಹಿಡಿದು ಒಂದು ಹಾಳೆಯ ತುಂಬ ಲೆಕ್ಕ ಹಾಕಿದೆ. ಮರುದಿನ ಅದನ್ನು ಅವರ ಕೈಗೆ ಕೊಟ್ಟೆ. ಬ್ರೇಕು ತಾಳುತ್ತದೆ ಎಂದು ಲೆಕ್ಕ ಹೇಳುತ್ತಿತ್ತು. ಆದರೂ ಡ್ರಮ್ಮು ಬದಲಿಸಿದರೆ ಒಳ್ಳೆಯದು ಎಂದು ಕೆಳಗೆ ಬರೆದಿದ್ದೆ, ಬಾಯಲ್ಲಿಯೂ ಹೇಳಿದೆ. ಇದು ನನ್ನ ನೆನಪು. ಉಸ್ತಾದರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಆ ವಾರವೇ ಕಾರು ಮಾನ್ವಿಗೆ ಹೋಯಿತು.

ಮೂರು ತಿಂಗಳು ಚೆನ್ನಾಗಿ ನಡೆಯಿತು. ಒಂದು ದಿನ ದೇವದುರ್ಗದ ಸಂತೆಯಿಂದ ಮಂದಿಯನ್ನು ತುಂಬಿಕೊಂಡು ಬರುವಾಗ, ಹಳ್ಳಕ್ಕೆ ಇಳಿಯುವ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಎತ್ತಿನ ಗಾಡಿ ಬರುತ್ತಿತ್ತಂತೆ. ಅಳಿಯ ಕಾರನ್ನು ಬಂಡೆಯ ಕಡೆಗೆ ತಿರುಗಿಸಿದ. ಹತ್ತಿರದವರು ಓಡಿಬಂದು ಎಲ್ಲರನ್ನೂ ಹೊರಗೆಳೆದರು. ಕೈಕಾಲು ಮುರಿದವರಿದ್ದರು, ಆದರೆ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಬದುಕಿದರು. ಮುಂದೆ ಕೂಡಿಸಿದ್ದ ಆ ಭಾರದ ಎಂಜಿನ್ನು ಹಿಂದಕ್ಕೆ ಸರಿದು ಸ್ಟಿಯರಿಂಗನ್ನು ಅವನ ಎದೆಗೆ ಒತ್ತಿತ್ತು.

ಪೊಲೀಸರು ಉಸ್ತಾದರನ್ನು ಕರೆಸಿದರು. ಜೊತೆಗೆ ಹೋಗಿದ್ದ ಚಹಾದಂಗಡಿಯವನು ಅಲ್ಲಿ ನಡೆದದ್ದನ್ನು ನನಗೆ ಹೇಳಿದ. ಲಾರಿಯ ಎಂಜಿನ್ನಿಗೆ ಈ ಬ್ರೇಕು ತಾಳುತ್ತದೆ ಎಂದು ನಿನಗೆ ಹೇಳಿದವರು ಯಾರು ಎಂದು ಸಾಹೇಬರು ಕೇಳಿದರಂತೆ.

“ಯಾರೂ ಹೇಳಿಲ್ರಿ. ನನ್ನ ಕಾಲು ಹೇಳ್ತು,” ಎಂದರಂತೆ ಉಸ್ತಾದರು.

ಅವರ ಕಾಲು ಏನು ಹೇಳಿತ್ತು ಎಂದು ಗೊತ್ತಿದ್ದವನು ಊರಲ್ಲಿ ನಾನೊಬ್ಬನೇ. ಚಹಾದಂಗಡಿಯವನು ಲೋಟ ತೊಳೆಯುತ್ತ ಇದನ್ನು ಹೇಳಿದ. ನಾನು ಚಹಾ ಕುಡಿದು ಕಾಲೇಜಿಗೆ ಹೋದೆ. ಅವತ್ತು ಯಾವ ಪಾಠ ಮಾಡಿದೆ ಎಂಬುದು ನೆನಪಿಲ್ಲ, ಮಾಡಿದ್ದಂತೂ ನಿಜ. ಪೊಲೀಸು ಠಾಣೆ ಕಾಲೇಜಿನ ದಾರಿಯಲ್ಲೇ ಇತ್ತು.

ಅವರು ನನ್ನ ಹೆಸರು ಹೇಳಲಿಲ್ಲ. ಇಲ್ಲಿ ಅವರ ಹೆಸರನ್ನು ನಾನೂ ಬರೆದಿಲ್ಲ. ಈ ಎರಡೂ ಒಂದೇ ಅಲ್ಲ ಎಂದು ನನಗೆ ಗೊತ್ತಿದೆ.

ಮೊಕದ್ದಮೆ ನಡೆದು, ಎಳೆದಾಡಿ, ದಂಡ ಹಾಕುವುದರಲ್ಲಿ ಮುಗಿಯಿತು. ಊರಿನಲ್ಲಿ ಮುಗಿಯಲಿಲ್ಲ. ಮಗಳ ಗಂಡನನ್ನೇ ತಿಂದ ಮಿಸ್ತ್ರಿ ಎಂದು ಗಂಜಿನಲ್ಲಿ ಮಾತಾಡಿಕೊಂಡರು. ಕಾರುಗಳು ಬರುವುದು ನಿಂತಿತು. ಮಗಳು ತವರಿಗೆ ಬಂದು ಹೊಲಿಗೆ ಹಿಡಿದಳು. ಉಸ್ತಾದರು ಸ್ಕೂಟರುಗಳ ಕಾರ್ಬುರೇಟರ್ ತೊಳೆಯುತ್ತ, ಪಂಚರು ತಿದ್ದುತ್ತ ಕೂತರು. ಮತ್ತೆ ಅವರು ಯಾವ ಗಾಡಿಯನ್ನೂ ಓಡಿಸಲಿಲ್ಲ. ನಾನು ಕೆಲವು ತಿಂಗಳು ಆ ಕಡೆ ಸುಳಿಯಲಿಲ್ಲ. ಮೊದಲ ಸಲ ಹೋದಾಗ ಅವರು ಚಕ್ರದ ಡಿಸ್ಕನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿ, “ಕುಂದ್ರಿ ಸರ” ಎಂದರು. ಕೂತೆ. ಆ ಹಾಳೆಯ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹೀಗೆ ಸುಮಾರು ಹತ್ತು ವರ್ಷ.

ಈ ಹತ್ತು ವರ್ಷಗಳಲ್ಲಿ ನನ್ನ ನೆನಪಿಗೆ ಒಂದು ಸಂಗತಿ ನಡೆಯಿತು. ಡ್ರಮ್ಮು ಬದಲಿಸಿದರೆ ಒಳ್ಳೆಯದು ಎಂಬ ಮಾತನ್ನು ನಾನು ಹೇಳಿದ್ದಿರಬಹುದು ಎಂದು ಮೊದಮೊದಲು ಅನ್ನಿಸುತ್ತಿತ್ತು. ಎರಡು ವರ್ಷದ ಮೇಲೆ, ಹೇಳಿದ್ದೆ ಎಂದು ಖಾತ್ರಿಯಾಯಿತು. ಆಮೇಲೆ ಹಾಳೆಯ ಯಾವ ಮೂಲೆಯಲ್ಲಿ ಬರೆದಿದ್ದೆ, ಶಾಯಿ ಯಾವ ಬಣ್ಣದ್ದು ಎಂಬುದೂ ಕಾಣತೊಡಗಿತು. ಒಂದೇ ಅಳತೆಯನ್ನು ಮೂರು ಸಲ ತೆಗೆದು ನೋಡಿ ಎಂದು ಹುಡುಗರಿಗೆ ಪ್ರಯೋಗಾಲಯದಲ್ಲಿ ಹೇಳುವವನು ನಾನು. ಮುಟ್ಟಿದಷ್ಟು ಸಲವೂ ಸ್ಪಷ್ಟವಾಗುತ್ತ ಹೋಗುವ ನೆನಪನ್ನು ಅನುಮಾನಿಸಬೇಕು ಎಂಬಷ್ಟು ತಿಳಿವಳಿಕೆ ನನಗಿತ್ತು. ಅನುಮಾನಿಸಿದರೆ ಏನು ಉಳಿಯುತ್ತದೆ ಎಂಬುದೂ ಗೊತ್ತಿದ್ದರಿಂದ ಸುಮ್ಮನಿದ್ದೆ.

ಎಂಬತ್ತರ ದಶಕದಲ್ಲಿ ಆ ಹೊಸ ಪುಟ್ಟ ಕಾರುಗಳು ಬಂದವು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಒಂದನ್ನು ಕೊಂಡರು. ಯಾಪಲದಿನ್ನಿಯ ಅವರ ಹೊಲಕ್ಕೆ ಹೋಗಿ ಬರುವಾಗ, ನೋಡಿ ಸಂತೋಷಪಟ್ಟಾರು ಎಂದು ಅದನ್ನು ಉಸ್ತಾದರ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅವರು ಬಾನೆಟ್ ಎತ್ತಲು ಕೇಳಲಿಲ್ಲ. ಬಿಳಿ ಪೈಜಾಮದಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಚಕ್ರದ ಹಿಂದೆ ಕೈ ಹಾಕಿ ಬ್ರೇಕನ್ನು ತಡವಿ ನೋಡಿದರು. ಎದ್ದು ಮಣ್ಣು ಕೊಡವಿಕೊಂಡು, ಚಲೋ ಅದ, ಬ್ರೇಕ್ ಚಲೋ ಅದ ಎಂದರು. ಆಮೇಲೆ ಬಾನೆಟ್ ಎತ್ತಿ ನೋಡಿ, ಇದರೊಳಗೆ ನನ್ನ ಕೈ ಹಿಡಿಸುವುದಿಲ್ಲ ಎಂದು ನಕ್ಕರು. ಹೊರಡುವಾಗ ನನ್ನ ಸಹೋದ್ಯೋಗಿಯನ್ನು ಕೇಳಿದರು: “ಎಷ್ಟ ಮಂದಿ ಅಂತ ಬರದಾರ್ರಿ ಇದಕ್ಕ?”

“ನಾಲ್ಕು.”

“ನಾಕು ಅಂದಿದ್ರ ನಾಕs ಮಂದಿನ್ನ ಕುಂದ್ರಸ್ರಿ.”

ಮುದುಕರ ಬುದ್ಧಿವಾದ ಎಂದು ನಾವಿಬ್ಬರೂ ದಾರಿಯಲ್ಲಿ ನಕ್ಕೆವು. ನಾನು ನಕ್ಕದ್ದು ನೆನಪಿದೆ.

ಕಳೆದ ತಿಂಗಳು, ಶೆಡ್ಡಿನ ಪಕ್ಕದಲ್ಲೇ ಇದ್ದ ಅವರ ಮನೆಗೆ ಹೋದಾಗ ಶೆಡ್ಡಿನಲ್ಲಿ ಇನ್ಯಾರೋ ಹೊಲಿಗೆ ಯಂತ್ರಗಳನ್ನು ಇಟ್ಟಿದ್ದರು. ಮಗಳು ಒಳಗೆ ಕರೆದು ಚಾಪೆ ಹಾಸಿದಳು. ಕಡೆಯ ದಿನಗಳಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಶುಕ್ರವಾರ ಮಾತ್ರ ಗೋಡೆ ಹಿಡಿದು ಹಿಂದಿನ ಚಪ್ಪರಕ್ಕೆ ಹೋಗಿ ಎಂಜಿನ್ನುಗಳನ್ನು ತಿರುಗಿಸಿ ಬರುತ್ತಿದ್ದರಂತೆ. ಎಂಟನ್ನು ಮಾತ್ರ. ಒಂಬತ್ತನೆಯದು ಆ ಕರಿ ಕಾರಿನಿಂದ ಇಳಿಸಿದ್ದು, ಅಳಿಯ ಸತ್ತ ದಿನದಿಂದ ಅದನ್ನು ಮುಟ್ಟಿರಲಿಲ್ಲ. ಗುಜರಿಯವನಿಗೆ ಅದನ್ನು ಕೊಡಬೇಡ ಎಂದು ಹೇಳಿ ಹೋಗಿದ್ದಾರೆ ಎಂದಳು. ಕಾರಣ ಹೇಳಿರಲಿಲ್ಲ.

ಆಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟಳು. ಸ್ಪಾರ್ಕ್ ಪ್ಲಗ್ಗುಗಳು, ಒಂದು ಕನ್ನಡಕ, ಆ ಕೆಂಪು ತೋಳಿನ ಒಂದು ತುಂಡು. ಎಲ್ಲಕ್ಕಿಂತ ಕೆಳಗೆ ನಾಲ್ಕು ಮಡಿಕೆಯ ಒಂದು ಹಾಳೆ.

“ನಮ್ಮ ಅಬ್ಬಾ ಇದನ್ನ ಯಾರಿಗೂ ತೋರಸ್ತಿದ್ದಿಲ್ಲ. ನನಗ ಉರ್ದು ಬಿಟ್ರ ಓದಾಕ ಬರಂಗಿಲ್ಲ. ಏನದ ಸರ ಇದು?”

ಬಿಚ್ಚಿದೆ. ನನ್ನ ಅಕ್ಷರವೇ. ತೂಕ, ಕೋನ, ವೇಗ, ಎಲ್ಲ ಒಪ್ಪವಾಗಿತ್ತು. ಗುಣಾಕಾರ ಭಾಗಾಕಾರಗಳಲ್ಲಿ ಒಂದೂ ತಪ್ಪಿರಲಿಲ್ಲ. ಡ್ರಮ್ಮು ಬದಲಿಸುವ ಮಾತು ಯಾವ ಮೂಲೆಯಲ್ಲೂ ಇರಲಿಲ್ಲ. ಕೆಳಗೆ, ಎರಡು ಗೆರೆ ಎಳೆದು, ‘ಸಾಕು’ ಎಂದು ಬರೆದಿದ್ದೆ. ಮೇಲಿನಿಂದ ಮೂರನೆಯ ಸಾಲಿನಲ್ಲಿ, ಕಾರಿನ ಪುಸ್ತಕದಲ್ಲಿದ್ದಂತೆಯೇ, ‘ಜನ: ನಾಲ್ಕು’.

ನಮ್ಮೂರು ಹಿರೇಕೊಟ್ನೆಕಲ್. ರಜೆಗೆ ಹೋಗಿ ಬರುವಾಗಲೆಲ್ಲ ಮಾನ್ವಿಯಿಂದ ಬಾಡಿಗೆ ಕಾರಿನಲ್ಲಿ ಹತ್ತು ಹನ್ನೆರಡು ಮಂದಿಯ ನಡುವೆ, ಯಾರದೋ ಮಂಡಿಯ ಮೇಲೆ ಕೂತು ಬಂದವನು ನಾನು. ಡ್ರೈವರನಿಗೂ ಜಾಗವಿಲ್ಲದೆ ಅವನು ಬಾಗಿಲಿನಿಂದ ಅರ್ಧ ಹೊರಗೆ ಕೂತು ಓಡಿಸುತ್ತಿದ್ದುದನ್ನು ಗೆಳೆಯರಿಗೆ ನಟಿಸಿ ತೋರಿಸಿ ನಗಿಸಿದವನು. ನಮ್ಮ ಕಡೆ ನಾಲ್ವರನ್ನು ಕೂಡಿಸಿಕೊಂಡು ಬಾಡಿಗೆ ಕಾರು ಹೊರಟಿದ್ದನ್ನು ಯಾರೂ ನೋಡಿರಲಿಲ್ಲ.

ಹಳೆಯ ರಸೀದಿ ಎಂದಿದ್ದರೆ ಆಕೆ ನಂಬುತ್ತಿದ್ದಳು. ಹಾಗೆ ಹೇಳಲು ಬಾಯಿ ತೆರೆದೆ ಕೂಡ.

“ಆ ಕರಿ ಕಾರಿನ ಬ್ರೇಕಿನ ಲೆಕ್ಕವ್ವಾ,” ಎಂದೆ. “ನಾನು ಬರದುಕೊಟ್ಟಿದ್ದು. ಬ್ರೇಕ್ ತಾಳ್ತದ ಅಂತ.”

ಆಕೆ ಹಾಳೆಯ ಕಡೆಗೆ ಬಗ್ಗಿದಳು.

“ಎಷ್ಟ ಮಂದಿಗಿ ಹಾಕೀರಿ ಲೆಕ್ಕ?”

ಆ ಮಾತು ಕಿವಿಗೆ ಬಿದ್ದಾಗ ಉಸ್ತಾದರು ಕಣ್ಣ ಮುಂದೆ ಬಂದರು. ಕೈ ಒರೆಸಿಕೊಳ್ಳುತ್ತ, ಹಾಳೆ ತೆಗೆದುಕೊಳ್ಳುವ ಮೊದಲು, ಇದೇ ಪ್ರಶ್ನೆಯನ್ನು ಇದೇ ಧಾಟಿಯಲ್ಲಿ ಕೇಳುತ್ತಿದ್ದರು. ಕಾರಿನ ಪುಸ್ತಕದಲ್ಲಿ ಬರೆದಷ್ಟು ಎಂದು ನಾನು ಹೇಳುತ್ತಿದ್ದೆ. ಎಲ್ಲ ಒಮ್ಮೆಗೇ, ಪೂರ್ತಿಯಾಗಿ ಬಂತು. ಅಷ್ಟು ಪೂರ್ತಿಯಾಗಿ ಬಂದದ್ದರಿಂದಲೇ ಅದನ್ನು ನಂಬಲಾರೆ. ಮಗಳ ಬಾಯಿಂದ ಬಂದ ಪ್ರಶ್ನೆಯನ್ನು ನಾನು ಆ ಕ್ಷಣದಲ್ಲೇ ಅಪ್ಪನ ಬಾಯಿಗೆ ಹಾಕಿರಬಹುದು. ಅವರು ಕೇಳಿದ್ದರೆ ಅವರಿಗೆ ಎಲ್ಲ ತಿಳಿದಿತ್ತು, ತಿಳಿದೂ ತಮ್ಮ ಕಾಲಿಗಿಂತ ನನ್ನ ಓದನ್ನು ದೊಡ್ಡದು ಮಾಡಿದರು. ಕೇಳಿರದಿದ್ದರೆ, ಕೇಳುವ ಅಗತ್ಯವೇ ಇಲ್ಲ ಎನ್ನುವಷ್ಟು ನನ್ನನ್ನು ನಂಬಿದ್ದರು. ಎರಡರಲ್ಲಿ ಯಾವುದನ್ನು ಹೊತ್ತುಕೊಳ್ಳುವುದು ಸುಲಭ ಎಂದು ಈಗಲೂ ಹುಡುಕುತ್ತಿದ್ದೇನೆ.

“ನಾಕು,” ಎಂದೆ.

“ಹನ್ನೊಂದ ಮಂದಿ ಇದ್ರು,” ಎಂದಳು. “ನಮ್ಮನಿಯವ್ರನ್ನ ಹಿಡದು.”

ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಹಳೆಯ ಮಡಿಕೆಗಳ ಮೇಲೆಯೇ ಮಡಿಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. ಬೈಯಲಿಲ್ಲ. ಇನ್ನೂ ಕುಂದ್ರಿ ಎಂದೂ ಅನ್ನಲಿಲ್ಲ. ಹಿಂದೆ ಹೋಗಿ ಆ ಎಂಜಿನ್ ನೋಡಲೇ ಎಂದು ಕೇಳಿದೆ. ಹೋಗಿ ಎಂದು ಕೈ ತೋರಿಸಿ ಒಳಗೆ ಹೋದಳು.

ಚಪ್ಪರದಲ್ಲಿ ಅದೊಂದೇ ಇತ್ತು. ಸುತ್ತಿದ ಗೋಣಿ ಕೊಳೆತು ಉದುರಿತ್ತು, ಮೇಲೆ ಹತ್ತಿಯ ನಾರು ದಪ್ಪಗೆ ಕೂತಿತ್ತು. ಹ್ಯಾಂಡಲು ಗೋಡೆಗೆ ಒರಗಿಸಿಟ್ಟಿತ್ತು. ಎತ್ತಿ, ಸಿಕ್ಕಿಸಿ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದೆ. ಹತ್ತು ವರ್ಷದಿಂದ ಜಾಮ್ ಆದ ಎಂಜಿನ್ನು ಅದು, ತಿರುಗಿ ಹೊಡೆಯುವ ಮಾತೇ ಇಲ್ಲ. ಆದರೂ ಕೈ ಸೋತು ಹ್ಯಾಂಡಲು ಬಿಡುವಾಗ ನೋಡಿದರೆ, ನನ್ನ ಹೆಬ್ಬೆರಳು ಅವರು ಹೇಳಿಕೊಟ್ಟ ಕಡೆಗೇ, ಬೆರಳುಗಳ ಪಕ್ಕದಲ್ಲಿ, ಜೋಪಾನವಾಗಿತ್ತು.